ಜಗಳೂರು–ಚನ್ನಗಿರಿ: ನಕ್ಷೆಯ ದೂರ, ಬಸ್ಸಿನ ದೂರ

ಎರಡು ಊರುಗಳ ನಡುವಿನ ‘ವಿಮಾನ ದೂರ’ವನ್ನು ಹೇಳಲು ಆ ಊರುಗಳಲ್ಲಿ ವಿಮಾನ ಇಳಿಯಲೇಬೇಕೆಂದಿಲ್ಲ, ಅವುಗಳ ಅಕ್ಷಾಂಶ, ರೇಖಾಂಶ ತಿಳಿದಿದ್ದರೆ ಸಾಕು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದರಲ್ಲೂ ವಿಮಾನ ನಿಲ್ದಾಣವಿಲ್ಲ, ಆದರೂ ಅವುಗಳ ನಡುವೆ ಹಾರಲು ಎಷ್ಟು ನಿಮಿಷ ಬೇಕೆಂಬ ಲೆಕ್ಕವನ್ನು ಕಾಗದದ ಮೇಲೆ ಹಾಕಬಹುದು.

ಒಂದು ಡಿಗ್ರಿ ಅಕ್ಷಾಂಶವೆಂದರೆ ಉತ್ತರ–ದಕ್ಷಿಣವಾಗಿ ಸುಮಾರು 111 ಕಿ.ಮೀ.; ರೇಖಾಂಶಗಳು ಧ್ರುವದತ್ತ ಹೋದಂತೆ ಒತ್ತಾಗುವುದರಿಂದ, 14 ಡಿಗ್ರಿ ಉತ್ತರದ ಆಸುಪಾಸಿನಲ್ಲಿರುವ ಈ ಸೀಮೆಯಲ್ಲಿ ಪೂರ್ವ–ಪಶ್ಚಿಮದ ಒಂದು ಡಿಗ್ರಿ ಸುಮಾರು 108 ಕಿ.ಮೀ.ಗೆ ಇಳಿಯುತ್ತದೆ. ಚನ್ನಗಿರಿಗಿಂತ ಜಗಳೂರು ಅರ್ಧ ಡಿಗ್ರಿ ಉತ್ತರಕ್ಕೂ ಸುಮಾರು 0.4 ಡಿಗ್ರಿ ಪೂರ್ವಕ್ಕೂ ಇದೆ. ಈ ಎರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದು ಭಾವಿಸಿ ವಿಕರ್ಣವನ್ನು ತೆಗೆದರೆ ಸುಮಾರು 70 ಕಿ.ಮೀ. ಸಿಗುತ್ತದೆ. ಇದೇ ಕ್ರಮದಲ್ಲಿ ಹೊನ್ನಾಳಿಯಿಂದ ಜಗಳೂರಿಗೆ 80, ಪಕ್ಕದ ನ್ಯಾಮತಿಗೆ ಬರೀ 14 ಕಿ.ಮೀ.ಯಷ್ಟಾಗುತ್ತದೆ.

ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ 70 ಕಿ.ಮೀ. ಐದೂಕಾಲು ನಿಮಿಷದ ದಾರಿ. ಭಾಗಾಕಾರ ತಪ್ಪಲ್ಲ, ವಿಮಾನ ಹಾಗೆ ಹಾರುವುದಿಲ್ಲ ಅಷ್ಟೆ. ಪ್ರತಿ ಸಾವಿರ ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ; ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ., ವಾಯುಯಾನದ ರೂಢಿಯ ಅಳತೆ. ಆ ಪ್ರಕಾರ ಬರೀ ಹತ್ತು ಸಾವಿರ ಅಡಿಯಿಂದ ಇಳಿಯುವುದಕ್ಕೇ 55 ಕಿ.ಮೀ. ಬೇಕಾಗುವುದರಿಂದ, ಜಗಳೂರಿನಿಂದ ಎದ್ದ ವಿಮಾನಕ್ಕೆ ಮೇಲೇರಲು ಉಳಿಯುವುದು 15 ಕಿ.ಮೀ. ಮಾತ್ರ, ಅದು ಪೂರ್ಣ ವೇಗ ಹಿಡಿಯುವ ಮಾತೇ ಇಲ್ಲ.

ನೆಲದ ಮೇಲಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ದಾವಣಗೆರೆಯಿಂದ ಚನ್ನಗಿರಿ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಜಗಳೂರು ನೇರ ಪೂರ್ವಕ್ಕೆ ಇರುವುದರಿಂದ, ದಾವಣಗೆರೆಯ ಮೇಲೆ ಹೋಗುವ ಬಸ್ಸು ತ್ರಿಭುಜದ ಎರಡೂ ಬಾಹುಗಳನ್ನು ಸುತ್ತಿ ನೂರು ಕಿ.ಮೀ. ಮೀರಬೇಕಾಗುತ್ತದೆ. ಈ ಮೂಲೆ ಆಡಳಿತದ ಕೇಂದ್ರವಾದದ್ದು 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದ ಮೇಲೆ. ಅಲ್ಲಿಯವರೆಗೆ ಜಗಳೂರಿನವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಚಿತ್ರದುರ್ಗಕ್ಕೂ, ಚನ್ನಗಿರಿ ಮತ್ತು ಹೊನ್ನಾಳಿಯವರು ಶಿವಮೊಗ್ಗಕ್ಕೂ ಹೋಗುತ್ತಿದ್ದರು. ಹೊನ್ನಾಳಿಯಿಂದ ಒಡೆದು ತಾಲ್ಲೂಕಾದ ನ್ಯಾಮತಿಗೆ ಇಂದಿಗೂ ಶಿವಮೊಗ್ಗವೇ ಹತ್ತಿರ.

ನಿಜವಾದ ವಿಮಾನ ಸಿಗುವುದೂ ಆ ಕಡೆಗೇ. ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ಉದ್ದದ ರನ್‌ವೇ ಇರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಎರಡು ನಿಲ್ದಾಣಗಳ ನೇರ ದೂರ ಸುಮಾರು 240 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರಬಲ್ಲ ಎಟಿಆರ್ ವಿಮಾನಕ್ಕೆ ಇದು ಅರ್ಧ ಗಂಟೆಯ ಹಾದಿಯಾದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ನಿಲ್ಲುವವರೆಗಿನ ಈ ಅವಧಿಯನ್ನು ಬ್ಲಾಕ್ ಟೈಮ್ ಎನ್ನುತ್ತಾರೆ.

ನ್ಯಾಮತಿಯಿಂದ ಸೋಗಾನೆ ನೇರ ದೂರದಲ್ಲಿ 33 ಕಿ.ಮೀ., ಜಗಳೂರಿನಿಂದ ನೂರಕ್ಕೂ ಮೇಲೆ. ಜಗಳೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣ ಆಗ್ನೇಯಕ್ಕೆ ಸುಮಾರು 210 ಕಿ.ಮೀ. ಇದ್ದರೆ, ಸೋಗಾನೆಯಲ್ಲಿ ವಿಮಾನ ಹತ್ತಬೇಕೆಂದು ಹೊರಟ ಜಗಳೂರಿನವರು ಮೊದಲು ಆ ನೂರಕ್ಕೂ ಹೆಚ್ಚು ಕಿ.ಮೀ. ನೈಋತ್ಯಕ್ಕೆ ಹೋಗಬೇಕು, ಆಮೇಲೆ ವಿಮಾನ ಅವರನ್ನು ಮತ್ತೆ ಪೂರ್ವಕ್ಕೆ ಕರೆತರುತ್ತದೆ.