ಅಳಿದ ಹಕ್ಕಿಗಳ ಚಿತ್ರಪುಸ್ತಕ ಮತ್ತು ನಂದಿಬೆಟ್ಟದ ಪಿಕಳಾರ

ಅಳಿದುಹೋದ ಹಕ್ಕಿಗಳನ್ನು ಕುರಿತ ಚಿತ್ರಪುಸ್ತಕಗಳಲ್ಲಿ ಇಂದಿಗೂ ಮೊದಲು ನೆನಪಾಗುವುದು ಇಂಗ್ಲೆಂಡಿನ ವಾಲ್ಟರ್ ರಾತ್ಸ್‌ಚೈಲ್ಡ್ 1907ರಲ್ಲಿ ಹೊರತಂದ 'ಎಕ್ಸ್‌ಟಿಂಕ್ಟ್ ಬರ್ಡ್ಸ್' ಎಂಬ ದೊಡ್ಡ ಗ್ರಂಥ. ಕ್ಯೂಲೆಮನ್ಸ್, ಫ್ರೋಹಾಕ್ ಮೊದಲಾದ ನುರಿತ ಕಲಾವಿದರು ಬರೆದ ಅದರ ಬಣ್ಣದ ಫಲಕಗಳು ನೋಡಲು ಒಂದಕ್ಕಿಂತ ಒಂದು ಚೆನ್ನಾಗಿದ್ದರೂ ಅವೆಲ್ಲವನ್ನೂ ಒಂದೇ ತೂಕದ ಸಾಕ್ಷ್ಯವೆಂದು ನಂಬುವಂತಿಲ್ಲ. ಕೆಲವು ಹಕ್ಕಿಗಳ ಒಣಗಿಸಿದ ಚರ್ಮವನ್ನು ಎದುರಿಗಿಟ್ಟುಕೊಂಡು ಬರೆದವು, ಕೆಲವು ಹಳೆಯ ಚಿತ್ರಗಳನ್ನು ನೋಡಿ ಬರೆದವು, ಇನ್ನು ಕೆಲವು ನಾವಿಕರ ಪ್ರವಾಸಕಥನಗಳಲ್ಲಿ ಬಂದ ನಾಲ್ಕು ಮಾತುಗಳನ್ನೇ ಆಧರಿಸಿದವು. ಚರ್ಮವಿದ್ದಾಗಲೂ ತೊಂದರೆ ತಪ್ಪಿದ್ದಲ್ಲ: ಗರಿಗಳ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆಯಾದರೂ ಕೊಕ್ಕು, ಕಾಲು, ಕಣ್ಣಿನ ಸುತ್ತಲಿನ ಬರಿಯ ಭಾಗ ಇವುಗಳ ಬಣ್ಣ ಹಕ್ಕಿ ಸತ್ತ ಬಳಿಕ ಬೇಗನೆ ಮಾಸುವುದರಿಂದ, ಜೀವಂತ ಹಕ್ಕಿಯನ್ನು ನೋಡಿದವರು ಬರೆದಿಟ್ಟ ಟಿಪ್ಪಣಿ ಇಲ್ಲದಿದ್ದರೆ ಅಲ್ಲಿ ಚಿತ್ರಕಾರನ ಊಹೆಯೇ ಗತಿ.

ಊಹೆ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ರಾತ್ಸ್‌ಚೈಲ್ಡ್‌ನ ಗ್ರಂಥದಲ್ಲಿರುವ ರಿಯೂನಿಯನ್ ದ್ವೀಪದ 'ಬಿಳಿ ಡೋಡೊ' ಸಾಕು. ಹಾರಲಾರದ ಡೋಡೊ ಮಾರಿಷಸ್ ದ್ವೀಪದ ಹಕ್ಕಿಯಾಗಿದ್ದು ಹದಿನೇಳನೆಯ ಶತಮಾನದಲ್ಲಿ ನಾಶವಾಯಿತು. ನೆರೆಯ ರಿಯೂನಿಯನ್‌ನಲ್ಲಿ ಅದರ ಬಿಳಿಯ ಸೋದರನೊಂದು ಇತ್ತೆಂಬ ನಂಬಿಕೆ ಪ್ರವಾಸಿಗರ ಬರಹಗಳಿಂದಲೂ ಕೆಲವು ಹಳೆಯ ಚಿತ್ರಗಳಿಂದಲೂ ಬೆಳೆದುಬಂದಿತ್ತು. ಆದರೆ ಆ ದ್ವೀಪದಲ್ಲಿ ಡೋಡೊವಿನ ಒಂದು ಮೂಳೆಯೂ ಸಿಗದೆ, ನಮ್ಮ ಕೆರೆಯಂಗಳಗಳ ಕೆಂಬರಲಿನ ಬಳಗಕ್ಕೆ ಸೇರಿದ ಹಕ್ಕಿಯೊಂದರ ಮೂಳೆಗಳು ಸಿಕ್ಕಿದ್ದರಿಂದ, ಪ್ರವಾಸಿಗರು ಕಂಡದ್ದು ಅದನ್ನೇ ಎಂದು ಈಗ ವಿಜ್ಞಾನಿಗಳು ಒಪ್ಪಿದ್ದಾರೆ. ಅಂದರೆ ಅಳಿದ ಹಕ್ಕಿಗಳ ಪುಸ್ತಕದಲ್ಲಿ ಹುಟ್ಟಿಯೇ ಇರದ ಹಕ್ಕಿಯೊಂದು ಗಂಭೀರವಾಗಿ ಕುಳಿತಿದೆ. 2012ರಲ್ಲಿ ಕಲಾವಿದ ರಾಲ್ಫ್ ಸ್ಟೆಡ್‌ಮನ್, ಸೆರಿ ಲೆವಿಯೊಡನೆ ಹೊರತಂದ 'ಎಕ್ಸ್‌ಟಿಂಕ್ಟ್ ಬಾಯ್ಡ್ಸ್' ಪುಸ್ತಕದಲ್ಲಿ ನಿಜವಾಗಿ ಅಳಿದ ಹಕ್ಕಿಗಳ ನಡುವೆ ತನ್ನ ಕಲ್ಪನೆಯ ಹಕ್ಕಿಗಳನ್ನೂ ಬೇಕೆಂದೇ ಸೇರಿಸಿದ. ಈ ಒಂದು ವಿಷಯದಲ್ಲಿ ವಿನೋದದ ಪುಸ್ತಕವೇ ವಿದ್ವತ್ತಿನ ಪುಸ್ತಕಕ್ಕಿಂತ ಪ್ರಾಮಾಣಿಕವೆನ್ನಬೇಕು.

ಕಣ್ಣಾರೆ ಕಂಡು ಬರೆದ ಚಿತ್ರಕ್ಕೆ ಇರುವ ಬೆಲೆ ತಿಳಿಯಬೇಕಾದರೆ ಭಾರತಕ್ಕೇ ಬರಬೇಕು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಸುಮಾರು 1625ರಲ್ಲಿ ಬರೆದನೆನ್ನಲಾದ ಚಿತ್ರವೊಂದರಲ್ಲಿ ಗಿಳಿ, ಬಾತು, ಗೌಜಲಕ್ಕಿಗಳ ನಡುವೆ ಡೋಡೊ ನಿಂತಿದೆ. ಯುರೋಪಿನ ಎಷ್ಟೋ ಚಿತ್ರಗಳ ಬೊಜ್ಜು ಮೈಯ ಡೋಡೊವಿಗಿಂತ ಇದರ ಮೈಕಟ್ಟು ನಿಜಕ್ಕೆ ಹತ್ತಿರವೆಂಬುದು ತಜ್ಞರ ಅಭಿಪ್ರಾಯ. ಜೊತೆಗಿರುವ ಭಾರತದ ಹಕ್ಕಿಗಳು ಇಂದಿಗೂ ಗುರುತು ಹಿಡಿಯುವಷ್ಟು ಕರಾರುವಾಕ್ಕಾಗಿರುವುದೇ ಈ ನಂಬಿಕೆಗೆ ಮುಖ್ಯ ಆಧಾರ. ಅದೇ ರೀತಿ 1777ರಿಂದ 1782ರವರೆಗೆ ಕಲ್ಕತ್ತೆಯಲ್ಲಿ ಲೇಡಿ ಇಂಪೆ ಸಾಕಿದ ಪ್ರಾಣಿಪಕ್ಷಿಗಳನ್ನು ಚಿತ್ರಿಸಿದ ಪಟ್ನಾದ ಕಲಾವಿದರಲ್ಲಿ ಒಬ್ಬನಾದ ಭವಾನಿ ದಾಸ್ ಗುಲಾಬಿ ತಲೆಯ ಬಾತುವನ್ನು ಬರೆದಿಟ್ಟ. ಕಾಡಿನಲ್ಲಿ ಆ ಬಾತು ಖಚಿತವಾಗಿ ಕಂಡದ್ದು ಕೊನೆಗೆ 1935ರಲ್ಲಿ, ಬಿಹಾರದಲ್ಲಿ. ಅದೂ ಕೋವಿಗೆ ಬಲಿಯಾಗಿ.

ದಕ್ಷಿಣದ ಕಥೆ ಥಾಮಸ್ ಜೆರ್ಡನ್ ಎಂಬ ಸೈನ್ಯದ ವೈದ್ಯನಿಗೆ ಸಂಬಂಧಿಸಿದ್ದು. ಅವನ ಐವತ್ತು ಫಲಕಗಳ 'ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಆರ್ನಿಥಾಲಜಿ' 1843ರಿಂದ 1847ರವರೆಗೆ ಮದ್ರಾಸಿನಲ್ಲಿ ಕಂತುಕಂತಾಗಿ ಹೊರಬಂತು. ಅದರ ಮೂಲಚಿತ್ರಗಳಲ್ಲಿ ಹೆಚ್ಚಿನವು ದೇಶೀ ಕಲಾವಿದರ ಕೈಯವು. ಪುಸ್ತಕ ಮುಗಿದ ಮರುವರ್ಷ, ಜೆರ್ಡನ್ ಕಳುಹಿಸಿದ ಹಕ್ಕಿಯೊಂದಕ್ಕೆ ಎಡ್ವರ್ಡ್ ಬ್ಲೈತ್ ವೈಜ್ಞಾನಿಕ ಹೆಸರಿಟ್ಟ. ಅದೇ ಜೆರ್ಡನ್ ಕೋರ್ಸರ್: ನೆಲದ ಮೇಲೆ ಓಡಾಡುವ, ಎದೆಯ ಮೇಲೆ ಎರಡು ಪಟ್ಟಿಗಳಿರುವ ಪುಟ್ಟ ಹಕ್ಕಿ, ತೆಲುಗಿನವರ ಕಲಿವಿ ಕೋಡಿ. 1900ರ ನಂತರ ಯಾರ ಕಣ್ಣಿಗೂ ಬೀಳದ ಇದನ್ನು ಪಕ್ಷಿತಜ್ಞರು ಅಳಿದವುಗಳ ಪಟ್ಟಿಗೆ ಬಹುಪಾಲು ಸೇರಿಸಿಯೇಬಿಟ್ಟಿದ್ದರು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕಡಪಾ ಜಿಲ್ಲೆಯ ಕುರುಚಲು ಕಾಡಿನಲ್ಲಿ ಸ್ಥಳೀಯ ಬೇಟೆಗಾರರ ನೆರವಿನಿಂದ ಅದನ್ನು ಮತ್ತೆ ಪತ್ತೆಹಚ್ಚಿದರು. ರಾತ್ರಿ ಸಂಚರಿಸುವ ಹಕ್ಕಿಯನ್ನು ಹಿಂದಿನವರು ಹಗಲು ಹುಡುಕಿದ್ದರೆ ಸಿಗುವುದಾದರೂ ಹೇಗೆ? 1988ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ಚಿಕ್ಕಬಳ್ಳಾಪುರ ಸೀಮೆಗೆ ಜೆರ್ಡನ್‌ನ ನಂಟು ಇನ್ನೂ ಹತ್ತಿರದ್ದು. 1845ರಲ್ಲಿ ಅವನು ವಿಜ್ಞಾನಲೋಕಕ್ಕೆ ಪರಿಚಯಿಸಿದ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯ ನೆರೆಯಲ್ಲೇ ಇರುವ ನಂದಿಬೆಟ್ಟ ಅದರ ಹೆಸರಾಂತ ನೆಲೆಗಳಲ್ಲಿ ಒಂದು. ಊರ ಪಿಕಳಾರಗಳಿಗೆ ಇರುವಂತೆ ಇದಕ್ಕೆ ಜುಟ್ಟಿಲ್ಲ. ತಲೆ ಹಸಿರು ಬೆರೆತ ಹಳದಿ, ಕೊರಳು ಅಚ್ಚ ಹಳದಿ, ಎದೆ ಬೂದು, ಬಾಲದ ಬುಡದಡಿ ಮತ್ತೆ ಹಳದಿ. ಬಂಡೆಗಳ ನಡುವಿನ ಪೊದೆಯೇ ಅದರ ಸಂಸಾರವಾದ್ದರಿಂದ ಕಲ್ಲುಗಣಿಗಾರಿಕೆಗೂ ಬೇಸಿಗೆಯ ಕಾಳ್ಗಿಚ್ಚಿಗೂ ಅದು ಬೇಗ ತುತ್ತಾಗುತ್ತದೆ; ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಈಡಾಗಬಲ್ಲ ಹಕ್ಕಿಗಳ ಸಾಲಿನಲ್ಲಿದೆ. ಸದ್ಯಕ್ಕೆ ಅದರ ಕಣ್ಣು, ಕೊಕ್ಕು, ಕಾಲುಗಳ ಬಣ್ಣವನ್ನು ಊಹಿಸಿ ಬರೆಯಬೇಕಾದ ಗತಿ ಯಾವ ಚಿತ್ರಕಾರನಿಗೂ ಬಂದಿಲ್ಲ. ಬೆಳಗಿನ ಹೊತ್ತು ಬೆಟ್ಟ ಹತ್ತಿ ತಾಳ್ಮೆಯಿಂದ ಕಾದರೆ ನೋಡಿಯೇ ಬರೆಯಬಹುದು.