ಗೌನು ಯಾರಿಗೆ ಕೊಡುವುದು?

ನಮ್ಮ ಐಟಿ ಲೋಕದಲ್ಲಿ ‘ಕೆಟಿ’ ಅಂತ ಒಂದು ಪದ ಉಂಟು. ನಾಲೆಜ್ ಟ್ರಾನ್ಸ್‌ಫರ್. ಕೆಲಸ ಬಿಟ್ಟು ಹೋಗುವವರು ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಡಬೇಕು. ಯಾವ ಸರ್ವರ್ ಯಾವಾಗ ಮುನಿಸಿಕೊಳ್ಳುತ್ತದೆ, ಯಾವ ಕ್ಲೈಂಟ್‌ಗೆ ಏನು ಮಾತು ಕೊಟ್ಟಾಗಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಎಲ್ಲವನ್ನೂ. ನೋಟಿಸ್ ಪಿರಿಯಡ್ ಅಂತ ಎರಡು ಮೂರು ತಿಂಗಳು ಹಿಡಿದು ಕೂರಿಸುವುದೇ ಮುಖ್ಯವಾಗಿ ಇದಕ್ಕೆ.

ಒಂದು ಸಾಧಾರಣ ಆ್ಯಪ್‌ಗೆ ಇಷ್ಟೆಲ್ಲ ವ್ಯವಸ್ಥೆ ಇರುವಾಗ, ಒಂದು ನಗರದ ಮೊದಲ ಪ್ರಜೆಯ ಕುರ್ಚಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ?

2025ರ ಮಳೆಗಾಲದಲ್ಲಿ ಒಂದು ದಿನ ಊಟದ ಹೊತ್ತಿಗೆ ಸಹೋದ್ಯೋಗಿಗಳನ್ನು ಕೇಳಿದೆ: ‘ಈಗ ಮಂಗಳೂರಿನ ಮೇಯರ್ ಯಾರು?’ ಒಬ್ಬಳು ಕವಿತಾ ಸನಿಲ್ ಅಂದಳು. ಇನ್ನೊಬ್ಬ ಪ್ರೇಮಾನಂದ ಶೆಟ್ಟಿ ಇರಬೇಕು ಅಂದ. ಮತ್ತೊಬ್ಬ ಮೆಲ್ಲ ಮೇಜಿನ ಕೆಳಗೆ ಫೋನ್ ತೆಗೆದ. ಇಬ್ಬರು ಹೇಳಿದ್ದೂ ಮೇಯರ್ ಆಗಿದ್ದವರ ಹೆಸರೇ. ಆದರೆ ಆ ದಿನದ ಸರಿ ಉತ್ತರ, ‘ಯಾರೂ ಇಲ್ಲ’.

ಯಾಕೆಂದರೆ 2025ರ ಫೆಬ್ರವರಿ 27ಕ್ಕೆ ಮಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ ಮುಗಿಯಿತು. ಮೇಯರ್ ಮನೋಜ್ ಕುಮಾರ್ ಕೋಡಿಕಲ್ ಕುರ್ಚಿಯಿಂದ ಎದ್ದರು. ಮುಂದಿನ ಚುನಾವಣೆ ಆಗಿರಲಿಲ್ಲ. ಆಡಳಿತಾಧಿಕಾರಿ ಬಂದರು. ಬಿಟ್ಟು ಹೋಗುವವರಿದ್ದರು, ತೆಗೆದುಕೊಳ್ಳುವ ಮೇಯರ್ ಇರಲಿಲ್ಲ.

ಒಂದು ವರ್ಷದ ಕುರ್ಚಿ

ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ, ನಾವಿನ್ನೂ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದಾಗ. ಮದ್ರಾಸ್ ನಗರಕ್ಕಂತೂ 1688ರಲ್ಲೇ ಕಾರ್ಪೊರೇಷನ್ ಬಂದು, ನಥಾನಿಯಲ್ ಹಿಗಿನ್ಸನ್ ಎಂಬವರು ಮೊದಲ ಮೇಯರ್ ಆಗಿದ್ದರು. ಮೇಯರ್ ಎಂಬ ಪದ, ಮೈಮೇಲಿನ ಗೌನು ಎಲ್ಲ ಇಂಗ್ಲಿಷರ ಕಾಲದ ಬಳುವಳಿ. ಮಂಗಳೂರು ಮಹಾನಗರ ಪಾಲಿಕೆ ಆದದ್ದು 1980ರಲ್ಲಿ. ಈಗ ವಾರ್ಡ್‌ಗಳು 60.

ಮೇಯರ್ ಅನ್ನು ನಾವು ನೇರವಾಗಿ ಆರಿಸುವುದಿಲ್ಲ. ನಾವು ಆರಿಸುವುದು ವಾರ್ಡಿನ ಕಾರ್ಪೊರೇಟರನ್ನು. ಅವರೆಲ್ಲ ಲಾಲ್‌ಬಾಗ್‌ನ ಪಾಲಿಕೆ ಕಟ್ಟಡದಲ್ಲಿ ಸೇರಿ ತಮ್ಮಲ್ಲೇ ಒಬ್ಬರನ್ನು ಮೇಯರ್, ಇನ್ನೊಬ್ಬರನ್ನು ಉಪಮೇಯರ್ ಮಾಡುತ್ತಾರೆ. ಊರಿನ ಶಾಸಕರಿಗೂ ಸಂಸದರಿಗೂ ಅಲ್ಲಿ ಮತ ಉಂಟು. ಮೈಸೂರಿನಿಂದ ಪ್ರಾದೇಶಿಕ ಆಯುಕ್ತರು ಬಂದು ಚುನಾವಣೆ ನಡೆಸುತ್ತಾರೆ. ಕೈ ಎತ್ತುವುದು, ಲೆಕ್ಕ ಮಾಡುವುದು, ಘೋಷಣೆ. ಆಮೇಲೆ ಶಾಲು, ಹೂಗುಚ್ಛ, ಸೆಲ್ಫಿ. ಅಲ್ಲಿಗೆ ಅಧಿಕಾರ ಹಸ್ತಾಂತರ ಮುಗಿಯಿತು.

ನಾವು ನೋಡಿಕೊಂಡು ಬಂದ ಈ ಪದ್ಧತಿಯಲ್ಲಿ, 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ, ಮೇಯರ್ ಅವಧಿ ಒಂದೇ ವರ್ಷ. ಯಾವ ವರ್ಷ ಯಾವ ವರ್ಗಕ್ಕೆ, ಮಹಿಳೆಗೋ ಸಾಮಾನ್ಯಕ್ಕೋ ಎಂಬ ಮೀಸಲಾತಿಯನ್ನು ಹೇಳುವುದು ರಾಜ್ಯ ಸರಕಾರ. ಅದು ತಡವಾದರೆ ಮೇಯರ್ ಆಯ್ಕೆಯೂ ತಡ.

ಹೋದ ಪರಿಷತ್ತನ್ನೇ ನೋಡಿ. ಜನ ಓಟು ಹಾಕಿದ್ದು 2019ರ ನವೆಂಬರ್ 12ರಂದು. ಮೇಯರ್ ಆಯ್ಕೆಯಾದದ್ದು 2020ರ ಫೆಬ್ರವರಿ 28ರಂದು. ಗೆದ್ದವರು ಮೂರೂವರೆ ತಿಂಗಳು ಕಾದರು. ಮೊದಲ ಮೇಯರ್ ದಿವಾಕರ ಪಾಂಡೇಶ್ವರ ಕೂತು ತಿಂಗಳಾಗುವುದರೊಳಗೆ ಕೋವಿಡ್ ಲಾಕ್‌ಡೌನ್. 2021ರ ಮಾರ್ಚಿನಲ್ಲಿ ಪ್ರೇಮಾನಂದ ಶೆಟ್ಟಿ ಬಂದರು. ಒಂದು ವರ್ಷಕ್ಕೆ ಇಳಿಯಬೇಕಾದವರು ಮುಂದಿನ ಆಯ್ಕೆ ತಡವಾಗಿ ಸುಮಾರು ಒಂದೂವರೆ ವರ್ಷ ಇದ್ದರು. 2022ರ ಸೆಪ್ಟೆಂಬರಿನಲ್ಲಿ ಜಯಾನಂದ ಅಂಚನ್, 2023ರ ಸೆಪ್ಟೆಂಬರಿನಲ್ಲಿ ಸುಧೀರ್ ಶೆಟ್ಟಿ ಕಣ್ಣೂರು, 2024ರ ಸೆಪ್ಟೆಂಬರಿನಲ್ಲಿ ಮನೋಜ್ ಕುಮಾರ್. ಕೊನೆಯವರಿಗೆ ಸಿಕ್ಕಿದ್ದು ಐದು ತಿಂಗಳು ಚಿಲ್ಲರೆ. ನಮ್ಮಲ್ಲಿ ಹೊಸಬರ ಪ್ರೊಬೇಷನ್ ಮುಗಿಯಲಿಕ್ಕೇ ಆರು ತಿಂಗಳು ಬೇಕು!

ಎಂಟು ಮೇಯರ್, ಒಂದು ಯೋಜನೆ

ಇದರಿಂದ ಏನಾಗುತ್ತದೆ ಅಂತ ತಿಳಿಯಲು ಒಂದು ಲೆಕ್ಕ ಹಾಕಿ ನೋಡಿದೆ. ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರಿನಲ್ಲಿ. ಆಗ ಮೇಯರ್ ಹರಿನಾಥ್. ಆಮೇಲೆ ಕವಿತಾ ಸನಿಲ್, ಭಾಸ್ಕರ ಕೆ., ನಡುವೆ ಒಂದು ವರ್ಷದ ಹತ್ತಿರ ಯಾರೂ ಇಲ್ಲ, ಮತ್ತೆ ಮೇಲೆ ಹೇಳಿದ ಐವರು. ಒಟ್ಟು ಎಂಟು ಮಂದಿ. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಮುಗಿದದ್ದು 2025ರ ಮಾರ್ಚ್ 31ಕ್ಕೆ. ಆ ದಿನ ಕುರ್ಚಿ ಖಾಲಿ.

ರಸ್ತೆ ಅಗೆಯುವಾಗ ಒಬ್ಬರು, ಕಾಂಕ್ರೀಟ್ ಹಾಕುವಾಗ ಇನ್ನೊಬ್ಬರು, ಪೈಪ್ ಮರೆತುಹೋಯಿತು ಅಂತ ಮತ್ತೆ ಅಗೆಯುವಾಗ ಮೂರನೆಯವರು ಇರುವಂಥ ವ್ಯವಸ್ಥೆ ಇದು. ಅದಲ್ಲದೆ ಸ್ಮಾರ್ಟ್ ಸಿಟಿ ಕೆಲಸ ನಡೆಸಿದ್ದು ಅದಕ್ಕೆಂದೇ ಮಾಡಿದ ಪ್ರತ್ಯೇಕ ಕಂಪೆನಿ. ಹಾಗಾಗಿ ‘ನಿಮ್ಮ ಕಾಲದಲ್ಲಿ ಏನಾಯಿತು?’ ಅಂತ ಒಬ್ಬ ಮೇಯರನ್ನು ಕೇಳಿದರೆ ಅವರು ಪ್ರಾಮಾಣಿಕವಾಗಿಯೇ ‘ಶುರು ಮಾಡಿದ್ದು ನಾನಲ್ಲ, ಮುಗಿಸಿದ್ದೂ ನಾನಲ್ಲ’ ಅನ್ನಬಹುದು.

‘ಇದ್ದರೂ ಎಂತ ಮಾಡ್ತಿದ್ರು?’

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ ಅಂದರು: ‘ಮೇಯರ್ ಇದ್ದರೂ ಎಂತ ಮಾಡ್ತಿದ್ರು ಮಾರಾಯ? ಸೈ ಹಾಕುದು ಕಮಿಷನರೇ ಅಲ್ವಾ?’

ಮಾತು ಸುಳ್ಳಲ್ಲ. ಕಾಯ್ದೆಯ ಪ್ರಕಾರ ಆಡಳಿತ ನಡೆಸುವ ಅಧಿಕಾರ ಇರುವುದು ಸರಕಾರ ನೇಮಿಸುವ ಆಯುಕ್ತರಿಗೆ. ಮೇಯರ್ ಹೆಚ್ಚಾಗಿ ಅಲಂಕಾರದ ಹುದ್ದೆ. ತುಂಬೆ ಕಿಂಡಿ ಅಣೆಕಟ್ಟು ತುಂಬಿದಾಗ ನೇತ್ರಾವತಿಗೆ ಬಾಗಿನ ಬಿಡುವುದು, ಉದ್ಘಾಟನೆಗೆ ಹೋಗುವುದು, ಊರಿಗೆ ಬಂದ ಗಣ್ಯರನ್ನು ಸ್ವಾಗತಿಸುವುದು. ಮೈಸೂರಿನಲ್ಲಾದರೆ ದಸರಾ ಮೆರವಣಿಗೆಯಲ್ಲಿ ಮೇಯರ್ ಕುದುರೆ ಏರಿ ಹೋಗುವ ಸಂಪ್ರದಾಯವೇ ಉಂಟು. ಅದಕ್ಕಾಗಿ ಕುದುರೆ ಸವಾರಿ ಕಲಿತವರೂ ಇದ್ದಾರೆ. ಅಲ್ಲಿಯ ಪರಿಷತ್ತಿನ ಅವಧಿ 2023ರ ನವೆಂಬರಿನಲ್ಲಿ ಮುಗಿದ ಕಾರಣ 2024ರ ದಸರೆಗೆ ಮೈಸೂರಿಗೆ ಮೇಯರೇ ಇರಲಿಲ್ಲ.

ಈ ಅಲಂಕಾರಕ್ಕೆ ಜಗತ್ತಿನಲ್ಲಿ ಬಹಳ ಹಳೆಯ ಉದಾಹರಣೆ ಲಂಡನ್ನಿನ ‘ಸಿಟಿ’ ಭಾಗದ ಲಾರ್ಡ್ ಮೇಯರ್. ಎಂಟು ನೂರು ವರ್ಷ ದಾಟಿದ ಹುದ್ದೆ, ಅವಧಿ ನಮ್ಮದೇ ಹಾಗೆ ಒಂದು ವರ್ಷ. ಪ್ರತಿ ನವೆಂಬರಿನಲ್ಲಿ ಗಿಲ್ಡ್‌ಹಾಲ್‌ನಲ್ಲಿ ಹಸ್ತಾಂತರ. ಹೊಸಬರು ಪ್ರಮಾಣವಚನ ಓದುವುದು ಬಿಟ್ಟರೆ ಯಾರೂ ತುಟಿ ಬಿಚ್ಚುವುದಿಲ್ಲ. ಖಡ್ಗ, ದಂಡ, ಮುದ್ರೆ ಎಲ್ಲವೂ ಮೌನದಲ್ಲೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಹೆಸರೇ ‘ಮೌನ ಸಮಾರಂಭ’. ನಾಟಕದ ಹಾಗೆ ಕಂಡರೂ ಅದರಲ್ಲಿ ಒಂದು ಪಾಠ ಉಂಟು. ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಎದುರಾಬದುರು ಇರಲೇಬೇಕು.

ನಮ್ಮ ಮೇಯರ್ ಕೈಯಲ್ಲೂ ಅಲಂಕಾರಕ್ಕಿಂತ ಹೆಚ್ಚಿನದು ಒಂದು ಉಂಟು. ಅದು ಸಭೆ. ತಿಂಗಳ ಸಾಮಾನ್ಯ ಸಭೆಗೆ ಅಧ್ಯಕ್ಷರು ಮೇಯರ್. ಪಾಲಿಕೆಯ ಮಂಗಳಾ ಸಭಾಂಗಣದಲ್ಲಿ ಒಂದು ಬದಿಯಲ್ಲಿ ಆಯುಕ್ತರು, ಎಂಜಿನಿಯರ್‌ಗಳು, ಆರೋಗ್ಯಾಧಿಕಾರಿ. ಎದುರಿಗೆ ಅರುವತ್ತು ವಾರ್ಡಿನವರು. ‘ನಮ್ಮ ವಾರ್ಡಿಗೆ ನೀರು ಬಂದು ನಾಲ್ಕು ದಿನ ಆಯಿತು, ಉತ್ತರ ಕೊಡಿ’ ಅಂತ ಕೇಳುವ ಜಾಗ ಅದು. ಗಲಾಟೆ ಆಗುತ್ತದೆ, ವಿರೋಧ ಪಕ್ಷದವರು ಮೇಯರ್ ಪೀಠದ ಮುಂದೆ ಬಂದು ನಿಲ್ಲುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಆದರೆ ಪ್ರಶ್ನೆ, ಉತ್ತರ ಎರಡೂ ದಾಖಲಾಗುತ್ತವೆ. ಅಧಿಕಾರಿ ಜನರ ಪ್ರತಿನಿಧಿಯ ಎದುರು ಬಾಯಿ ಬಿಟ್ಟು ಉತ್ತರ ಹೇಳಬೇಕಾದ ಜಾಗ ಊರಿನಲ್ಲಿ ಬೇರೆ ಎಲ್ಲುಂಟು?

ಪರಿಷತ್ತು ಇಲ್ಲದಾಗ ಅದರ ಅಧಿಕಾರವೆಲ್ಲ ಆಡಳಿತಾಧಿಕಾರಿಗೆ. ತೀರ್ಮಾನ ಆಗುತ್ತದೆ, ಪ್ರಶ್ನೆ ಕೇಳುವವರು ಇರುವುದಿಲ್ಲ. ವಾರ್ಡ್ ಸಮಿತಿಗೂ ಕಾರ್ಪೊರೇಟರೇ ಅಧ್ಯಕ್ಷರಾದ್ದರಿಂದ ಅಲ್ಲೂ ತಲೆ ಇಲ್ಲ. ಅಪ್ಪನಿಗೆ ಇದನ್ನೇ ಹೇಳಿದೆ: ಸೈ ಹಾಕುವುದು ಕಮಿಷನರೇ ಸರಿ, ಆದರೆ ‘ಯಾಕೆ ಹಾಕಿದಿರಿ’ ಅಂತ ಎಲ್ಲರೆದುರು ಕೇಳುವ ಸಭೆ ಕರೆಯುವುದು ಮೇಯರ್.

ಖಾಲಿ ಕುರ್ಚಿ ಹೊಸತಲ್ಲ

ಮಂಗಳೂರಿಗೆ ಇದು ಮೊದಲ ಸಲವೂ ಅಲ್ಲ. 2013ರ ಮಾರ್ಚಿನಲ್ಲಿ ಪಾಲಿಕೆ ಚುನಾವಣೆ ನಡೆಯಿತು. ಮೇಯರ್ ಆಗಿ ಮಹಾಬಲ ಮಾರ್ಲ ಆಯ್ಕೆಯಾದದ್ದು 2014ರ ಮಾರ್ಚಿನಲ್ಲಿ. ಒಂದು ವರ್ಷ ಜನ ಗೆಲ್ಲಿಸಿದವರು ಹೊರಗೆ.

ಆ ಪರಿಷತ್ತಿನ ಅವಧಿ 2019ರ ಮಾರ್ಚಿಗೆ ಮುಗಿಯಿತು. ಆಮೇಲಿನ ತಿಂಗಳುಗಳು ನಮ್ಮ ಊರಿನವರಿಗೆ ನೆನಪಿರಬಹುದು. ಆ ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ಕೆಳಗಿಳಿದು ನಗರಕ್ಕೆ ರೇಷನಿಂಗ್ ಬಂತು. ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳತ್ತ ನುಗ್ಗಿತು. ಈ ಎರಡೂ ಹೊತ್ತಿನಲ್ಲಿ ಮಂಗಳೂರಿಗೆ ಮೇಯರ್ ಇರಲಿಲ್ಲ, ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಮೇಯರ್ ಇದ್ದಿದ್ದರೆ ಗುಡ್ಡ ನಿಲ್ಲುತ್ತಿತ್ತು ಅಂತಲೂ ಅಲ್ಲ. ಮನೆ ಬಿಟ್ಟು ಹೊರಡಬೇಕಾಗಿ ಬಂದವರ ಪರವಾಗಿ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದ್ದ ಸದಸ್ಯ ಆ ದಿನ ಯಾರೂ ಇರಲಿಲ್ಲ ಅಷ್ಟೆ.

ಸಂವಿಧಾನ ಇದನ್ನು ಒಪ್ಪುವುದಿಲ್ಲ. 74ನೇ ತಿದ್ದುಪಡಿಯಿಂದ ಬಂದ 243ಯು ವಿಧಿ ಸ್ಪಷ್ಟವಾಗಿದೆ. ನಗರಾಡಳಿತದ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದಿರಬೇಕು. 2006ರಲ್ಲಿ ಅಹಮದಾಬಾದಿನ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಆದರೂ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಅದರ ಮೇಲೊಂದು ಕೇಸು ಅಂತ ದಿನ ದೂಡುವುದು ನಡೆದೇ ಇದೆ. ಬೆಂಗಳೂರನ್ನು ನೋಡಿ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮುಂದಿನ ಮೇಯರ್ ಬರುವ ಮೊದಲು 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು!

ಅವಧಿ ಉದ್ದ ಮಾಡಿದರೆ ಸಾಕಾ?

‘ಒಂದು ವರ್ಷ ಸಾಲದು, ಎರಡೂವರೆ ವರ್ಷ ಕೊಡಿ’ ಎಂಬ ವಾದ ಹಳೆಯದು. ನಮ್ಮ ಪುರಸಭೆ, ನಗರಸಭೆಗಳ ಅಧ್ಯಕ್ಷರಿಗೆ ಮೂವತ್ತು ತಿಂಗಳು ಸಿಗುತ್ತದೆ. ಕೆಲಸದ ದೃಷ್ಟಿಯಿಂದ ನನಗೂ ಅದೇ ಸರಿ ಕಾಣುತ್ತದೆ. ಆದರೆ ಇನ್ನೊಂದು ಬದಿಯೂ ಉಂಟು. ವರ್ಷಕ್ಕೊಬ್ಬರು ಅಂತಾದರೆ ಐದು ವರ್ಷದಲ್ಲಿ ಐದು ಮಂದಿಗೆ ಅವಕಾಶ. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಮಹಿಳೆಯರಿಗೆ ಸರದಿ ಬೇಗ ಬರುತ್ತದೆ. ಎರಡೂವರೆ ವರ್ಷ ಅಂತಾದರೆ ಇಬ್ಬರಿಗೆ ಮುಗಿಯಿತು. ಈ ಚರ್ಚೆ ಶಾಸನಸಭೆಯಲ್ಲಿ ಆಗಬೇಕಾದ್ದು.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸ ಒಂದುಂಟು. ಅದನ್ನು ನಾನು ಕಲಿತದ್ದು ನನ್ನ ಕೆಲಸದಿಂದಲೇ. ನಮ್ಮ ತಂಡದಲ್ಲಿ ಯಾರು ಹೋದರೂ ಕೊನೆಯ ದಿನ ಒಂದು ಪುಟ ಬರೆದಿಟ್ಟು ಹೋಗಬೇಕು. ಮುಗಿದದ್ದು ಏನು, ಅರ್ಧದಲ್ಲಿರುವುದು ಏನು, ಯಾರಿಗೆ ಏನು ಮಾತು ಕೊಟ್ಟಾಗಿದೆ. ಮೂರೇ ಶೀರ್ಷಿಕೆ.

ಪ್ರತಿ ಮೇಯರ್ ತಮ್ಮ ಕೊನೆಯ ಸಾಮಾನ್ಯ ಸಭೆಯಲ್ಲಿ ಇಂಥ ಒಂದು ಪುಟ ಓದಲಿ. ಯಾವ ವಾರ್ಡಿನ ಚರಂಡಿ ಎಲ್ಲಿಗೆ ನಿಂತಿದೆ, ಯಾವ ನೀರಿನ ಟ್ಯಾಂಕ್ ಕಟ್ಟಿ ಮುಗಿದರೂ ಲೈನ್ ಸಿಕ್ಕಿಲ್ಲ, ಸಭೆಯಲ್ಲಿ ಕೊಟ್ಟ ಯಾವ ಭರವಸೆ ಬಾಕಿ. ಅದು ಸಭೆಯ ನಡಾವಳಿಗೆ ಸೇರಲಿ, ಪಾಲಿಕೆಯ ವೆಬ್‌ಸೈಟಿಗೂ ಬರಲಿ. ಇದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ, ಟೆಂಡರ್ ಕರೆಯಬೇಕಾಗಿಲ್ಲ. ಮುಂದಿನವರು ಬೇರೆ ಪಕ್ಷದವರಾದರೂ ಆ ಪುಟ ಅವರ ಮೇಜಿನ ಮೇಲಿರುತ್ತದೆ. ಮುಂದಿನವರೇ ಇಲ್ಲದಿದ್ದರೆ ಆಡಳಿತಾಧಿಕಾರಿಯ ಮೇಜಿನ ಮೇಲೆ, ನಮ್ಮ ನಿಮ್ಮ ಫೋನಿನಲ್ಲೂ ಇರುತ್ತದೆ.

ವಾರ್ಡ್ ಚುನಾವಣೆ ಬಂದಾಗ ಅಭ್ಯರ್ಥಿಗಳು ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೂ ಬರುತ್ತಾರೆ, ಕೈ ಮುಗಿಯುತ್ತಾರೆ. ರಸ್ತೆ, ದೀಪ, ಚರಂಡಿ ಬಗ್ಗೆ ಖಂಡಿತ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ‘ನೀವು ಹೋಗುವಾಗ ನಮಗೆ ಏನು ಬರೆದಿಟ್ಟು ಹೋಗ್ತೀರಿ?’ ಅದಕ್ಕೂ ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಉಂಟಾ ನೋಡಿಕೊಳ್ಳಿ. ಬೆಂಗಳೂರಿಗೆ ಹೋಗಿ ವಾಪಸ್ ಬಂದ ನಮ್ಮಂಥವರ ಹೆಸರು ಎಷ್ಟೋ ಸಲ ಎರಡೂ ಊರಲ್ಲಿ ಇರುವುದಿಲ್ಲ.