ಕಾಯಕದ ನಾಡಿನಲ್ಲಿ ವ್ಯಾಪಾರದ ಅಂಜಿಕೆ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತು ನಮ್ಮ ಹಿರಿಯರ ನಾಲಗೆಯ ಮೇಲೆ ಸದಾ ಇತ್ತು. ಸಮಾಜವೊಂದು ಯಾವ ಮಾತನ್ನು ಗಾದೆಯಾಗಿ ಉಳಿಸಿಕೊಳ್ಳುತ್ತದೆಯೋ ಆ ಮಾತು ಅದರ ಮಕ್ಕಳ ಹಂಬಲವನ್ನೂ ರೂಪಿಸುತ್ತದೆ.

ರೋಣ ತಾಲ್ಲೂಕಿನ ಬೆಳವಣಕಿಯಂಥ ಎರೆನೆಲದ ಊರುಗಳಿಂದ ಬಂದ ವಿದ್ಯಾರ್ಥಿಗಳಿಗೆ ನಾನು ಹಲವು ವರ್ಷ ಕನ್ನಡ ಪಾಠ ಹೇಳಿದ್ದೇನೆ. ಪದವಿಯ ಬಳಿಕ ಮುಂದೇನೆಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ‘ನೌಕರಿ ಹಿಡೀಬೇಕ್ರಿ ಸರ.’ ಮಳೆಯನ್ನು ನಂಬಿದ ಬೇಸಾಯದ ಮನೆಗೆ ತಿಂಗಳ ಸಂಬಳ ದೊಡ್ಡ ಆಸರೆ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದೂ ಅದನ್ನೇ. ಸಾಲ ತಂದು ಅಂಗಡಿಯಿಟ್ಟು ಸೋತರೆ ಹೋಗುವುದು ಹಣವಷ್ಟೇ ಅಲ್ಲ, ಮನೆತನದ ಮಾನವೂ ಹೌದು. ಈ ಅಂಜಿಕೆಯನ್ನು ಹೇಡಿತನವೆಂದು ಜರೆಯುವುದು ನ್ಯಾಯವಲ್ಲ.

ಆದರೆ ನಮ್ಮ ಪರಂಪರೆಯಲ್ಲಿ ಬೇರೊಂದು ದನಿಯೂ ಉಂಟು. ರೋಣಕ್ಕೆ ದೂರವಲ್ಲದ ಐಹೊಳೆಯ ಹೆಸರು ಹೊತ್ತ ಐನೂರ್ವರು ಕಡಲು ದಾಟಿದ ವರ್ತಕರು. 1088ರ ಅವರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದಲ್ಲಿ ದೊರೆತಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಬುಟ್ಟಿ ಹೆಣೆದ, ನುಲಿಯ ಚಂದಯ್ಯ ಹಗ್ಗ ಹೊಸೆದ. ಕೈಯ ಕಸುಬಿಗೆ ಅವರು ಪೂಜೆಯ ಘನತೆ ತಂದರು.

ಇಲ್ಲೊಂದು ತೊಡಕಿದೆ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸೆಂದವಳು ಆಯ್ದಕ್ಕಿ ಲಕ್ಕಮ್ಮ. ಹಾಗಾದರೆ ಬಂಡವಾಳ ಕೂಡುವ ಬಗೆ ಹೇಗೆ? ಕಾಯಕದ ಜೊತೆಗೆ ದಾಸೋಹವನ್ನಿಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. ಅಲ್ಲಿನ ಪ್ರಶ್ನೆ ಗಳಿಕೆ ಎಷ್ಟು ಎಂಬುದಷ್ಟೇ ಅಲ್ಲ, ಅದು ಯಾರಿಗೆ ಸಲ್ಲುತ್ತದೆ ಎಂಬುದು. 1904ರ ಸಹಕಾರ ಕಾಯ್ದೆಯ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘ, ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಹೆಗ್ಗಳಿಕೆ ಪಡೆಯಿತು. ಒಬ್ಬೊಬ್ಬರಲ್ಲಿಲ್ಲದ ಬಂಡವಾಳ ಪರಸ್ಪರ ನಂಬಿಕೆಯಿಂದ ಊರಿಗೆ ಒದಗಿತು. ಗದಗಿನ ಮುದ್ರಣೋದ್ಯಮಿಗಳ ಮನೆಯ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ಉದ್ಯಮ ತೊಡಗಿದಾಗ ವ್ಯವಹಾರದ ವಾತಾವರಣ ಮನೆಯಲ್ಲೇ ಇತ್ತು. ಒಕ್ಕಲುತನದ ಮನೆಯ ಹುಡುಗನಿಗೆ ಅದಿಲ್ಲ. ಅವನಿಗೆ ಊರೇ ಅಂಥ ಮನೆಯಾಗಬೇಕು.

ಆದ್ದರಿಂದ ಹಳೆಯ ಗಾದೆಯನ್ನು ಅಳಿಸಬೇಕಾಗಿಲ್ಲ. ಅದು ವ್ಯಾಪಾರಕ್ಕೆ ಹಾಕಿದ ಬೇಲಿಯಲ್ಲ, ತಕ್ಕಡಿ ಹಿಡಿದವನಿಗೆ ಕೊಟ್ಟ ಎಚ್ಚರಿಕೆ ಎಂದು ತರಗತಿಯಲ್ಲಿ ಬಿಡಿಸಿ ಹೇಳಬೇಕು. ಒಮ್ಮೆ ನಷ್ಟ ಕಂಡವನನ್ನು ಮತ್ತೆ ಪಂಕ್ತಿಗೆ ಕರೆಯುವ ದೊಡ್ಡ ಮನಸ್ಸು ಹಿರಿಯರಿಗಿರಬೇಕು. ಸೋಲಿಗೆ ಕ್ಷಮೆಯಿರುವ ಊರಿನಲ್ಲಿ ಮಾತ್ರ ಹುಡುಗರು ಹೊಸ ಬಾಗಿಲು ತೆರೆಯುವ ಧೈರ್ಯ ಮಾಡುತ್ತಾರೆ.